ಎರಡು ತೂಕದ ಕಲ್ಲು: ಮರಣದಂಡನೆ, ಪ್ರದೇಶಭೇದ ಮತ್ತು ಜನಾಭಿಪ್ರಾಯ

ಮರಣದಂಡನೆ ಬೇಕೆ ಬೇಡವೆ ಎಂಬ ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಂಡು ಭಾರತದ ಕಾನೂನು ಆಯೋಗವು ಎರಡು ವರದಿಗಳನ್ನು ನೀಡಿದೆ. ಮೊದಲನೆಯದು 1967ರ 35ನೆಯ ವರದಿ. ಎರಡನೆಯದು 2015ರ ಆಗಸ್ಟ್ 31ರಂದು ಸಲ್ಲಿಕೆಯಾದ 262ನೆಯ ವರದಿ. ಮೊದಲನೆಯದು ಮರಣದಂಡನೆಯನ್ನು ಉಳಿಸಿಕೊಳ್ಳಬೇಕೆಂದಿತು. ನ್ಯಾಯಮೂರ್ತಿ ಎ. ಪಿ. ಷಾ ಅವರ ಅಧ್ಯಕ್ಷತೆಯ ಎರಡನೆಯ ಆಯೋಗವು ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಹೂಡುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಅದನ್ನು ತೆಗೆದುಹಾಕಬೇಕೆಂದಿತು. ಇವೆರಡರ ನಡುವೆ ನಲವತ್ತೆಂಟು ವರ್ಷಗಳ ಅಂತರವಿದೆ. ವಕೀಲರೂ ನ್ಯಾಯಾಧೀಶರೂ ಇವನ್ನು ತಮ್ಮ ಅಗತ್ಯಕ್ಕೆ ಬೇಕಾದಷ್ಟು ಓದಿಕೊಂಡಿದ್ದಾರೆ. ಧರ್ಮಜಿಜ್ಞಾಸುಗಳು ಓದಿದ್ದು ಕಡಿಮೆ. ಆದರೆ ಎರಡೂ ವರದಿಗಳ ಒಡಲಲ್ಲಿ ಜೈನ ಶ್ರಾವಕನಿಗೆ ಬಹುಕಾಲದಿಂದ ಪರಿಚಿತವಾದ ಒಂದು ಪ್ರಶ್ನೆ ಹುದುಗಿದೆ. ಕೊಲ್ಲುವವನು ಬೇರೆ, ಕೊಲ್ಲಿಸುವವನು ಬೇರೆ, ‘ಆಗಲಿ’ ಎಂದು ತಲೆದೂಗುವವನು ಬೇರೆ ಎಂದಾಗ ಆ ಮೂರನೆಯವನ ಪಾಲೆಷ್ಟು ಎಂಬುದೇ ಆ ಪ್ರಶ್ನೆ. ಕಾನೂನಿನ ಭಾಷೆಯಲ್ಲಿ ಆ ಮೂರನೆಯವನಿಗೆ ಜನಾಭಿಪ್ರಾಯವೆಂದು ಹೆಸರು.

ಮೊದಲ ವರದಿಯ ಹುಟ್ಟು ಸಂಸತ್ತಿನಲ್ಲಿ ಆಯಿತು. 1962ರಲ್ಲಿ ಮರಣದಂಡನೆಯ ರದ್ದತಿಗಾಗಿ ಲೋಕಸಭೆಯಲ್ಲಿ ಗೊತ್ತುವಳಿಯೊಂದು ಮಂಡಿತವಾಗಿ ಚರ್ಚೆಗೊಳಗಾಯಿತು. ವಿಷಯವನ್ನು ಕಾನೂನು ಆಯೋಗಕ್ಕೆ ಒಪ್ಪಿಸುವ ಭರವಸೆ ದೊರೆತ ಮೇಲೆ ಅದು ಹಿಂದೆಗೆಯಲ್ಪಟ್ಟಿತು. ಆಯೋಗವು ಪ್ರಶ್ನಾವಳಿಯನ್ನು ಹಂಚಿ ಉತ್ತರಗಳನ್ನು ತರಿಸಿಕೊಂಡಿತು. ಬಂದ ಅಭಿಪ್ರಾಯಗಳಲ್ಲಿ ಹೆಚ್ಚಿನವು ರದ್ದತಿಗೆ ವಿರುದ್ಧವಾಗಿದ್ದವು. ಅದರ ಅಂತಿಮ ವಾದದ ತಿರುಳು ಹೀಗಿದೆ: ಈ ದೇಶ ವಿಶಾಲವಾದುದು, ಇಲ್ಲಿಯ ಜನ ಬೆಳೆದುಬಂದ ಬಗೆ ನಾನಾ ವಿಧ, ನೀತಿಯಲ್ಲಿಯೂ ವಿದ್ಯೆಯಲ್ಲಿಯೂ ಏರುತಗ್ಗುಗಳಿವೆ, ಇಂಥಲ್ಲಿ ರದ್ದತಿಯ ಪ್ರಯೋಗಕ್ಕೆ ಕೈಹಾಕುವ ಅಪಾಯವನ್ನು ಈಗ ಎದುರಿಸಲಾಗದು.

ಈ ವಾದ ಮೊದಲ ನೋಟಕ್ಕೆ ವಿವೇಕದ ಮಾತಾಗಿ ಕಾಣುತ್ತದೆ. ಆದರೆ ಎರಡನೆಯ ಸಲ ಓದಿದಾಗ ತೊಡಕು ಗೋಚರಿಸುತ್ತದೆ. ವೈವಿಧ್ಯವೇ ಕಾರಣವೆಂದಾದರೆ, ವೈವಿಧ್ಯವುಳ್ಳ ನಾಡಿನಲ್ಲಿ ಎಲ್ಲರ ಕೊರಳಿಗೂ ಒಂದೇ ಹಗ್ಗ ಸಮನಾಗಿ ಹೊಂದುತ್ತದೆ ಎಂಬುದಕ್ಕೆ ಆಧಾರವೇನು? ನೀತಿ ಮತ್ತು ವಿದ್ಯೆಗಳಲ್ಲಿ ಏರುಪೇರಿದ್ದರೆ, ಆ ಏರುಪೇರಿನ ಹೊಣೆಯಲ್ಲಿ ವಿದ್ಯೆ ಕೊಡದ ಸಮಾಜದ ಪಾಲೂ ಸ್ವಲ್ಪ ಇದೆಯಲ್ಲವೆ? ತಗ್ಗಿನಲ್ಲಿರುವವನು ತಗ್ಗಿನಲ್ಲಿರುವ ಕಾರಣಕ್ಕೇ ಹೆಚ್ಚು ಉಗ್ರವಾದ ದಂಡಕ್ಕೆ ಅರ್ಹನೆಂಬ ಧ್ವನಿ ಆ ವಾಕ್ಯದ ಒಳಗಿದೆ. ಬರೆದ ವಿದ್ವಾಂಸರ ಉದ್ದೇಶ ಅದಾಗಿರಲಿಕ್ಕಿಲ್ಲ. ಆದರೆ ವರದಿಯೊಂದನ್ನು ಅಳೆಯಬೇಕಾದುದು ಅದು ಆಡಿದ ಮಾತಿನಿಂದಲೇ.

ಇನ್ನೊಂದು ಸಂಗತಿ. ‘ಪ್ರಯೋಗ’ ಎಂದು ಆಯೋಗವು ಯಾವುದಕ್ಕೆ ಹೆದರಿತೋ ಅದು ಇದೇ ನೆಲದಲ್ಲಿ ಆಗಲೇ ನಡೆದುಹೋಗಿತ್ತು. ತಿರುವಾಂಕೂರು ಸಂಸ್ಥಾನದ ಮಹಾರಾಜ ಶ್ರೀ ಚಿತ್ತಿರ ತಿರುನಾಳರು 1944ರಲ್ಲಿ ಮರಣದಂಡನೆಯನ್ನು ರದ್ದುಪಡಿಸಿದರು. ಸ್ವಾತಂತ್ರ್ಯಾನಂತರ ಸಂಸ್ಥಾನವು ಒಕ್ಕೂಟದಲ್ಲಿ ಸೇರಿ ಕೇಂದ್ರದ ಕಾನೂನುಗಳು ಅನ್ವಯವಾದಾಗ ನೇಣು ಮರಳಿ ಬಂದಿತು. ನೇಣಿಲ್ಲದ 1945ರಿಂದ 1950ರ ಅವಧಿಯಲ್ಲಿ ಅಲ್ಲಿ ನಡೆದ ಕೊಲೆಗಳು 962 ಎಂದೂ, ನೇಣು ಮರಳಿದ 1950ರಿಂದ 1955ರ ಅವಧಿಯಲ್ಲಿ ನಡೆದವು 967 ಎಂದೂ ಲೆಕ್ಕವೊಂದು ಈ ಚರ್ಚೆಗಳಲ್ಲಿ ಉಲ್ಲೇಖವಾಗುತ್ತ ಬಂದಿದೆ. ಐದು ಕೊಲೆಗಳ ವ್ಯತ್ಯಾಸದಿಂದ ಯಾವ ಪಕ್ಷವೂ ಗೆದ್ದಿತೆಂದು ಹೇಳುವಂತಿಲ್ಲ. ನೇಣು ತೆಗೆದುದರಿಂದ ಕೊಲೆ ಹೆಚ್ಚಲಿಲ್ಲ, ನೇಣು ಹಾಕಿದುದರಿಂದ ಕೊಲೆ ತಗ್ಗಲಿಲ್ಲ ಎಂಬಷ್ಟನ್ನೇ ಆ ಎರಡು ಅಂಕಿಗಳು ಹೇಳುತ್ತವೆ. ಜಮಾಖರ್ಚು ಬಲ್ಲವನಿಗೆ ಅಷ್ಟು ಸಾಕು. ಅದೇ ತಿರುವಾಂಕೂರಿನಲ್ಲಿ 1946ರ ಅಕ್ಟೋಬರಿನಲ್ಲಿ ಪುನ್ನಪ್ರ–ವಯಲಾರ್ ಬಂಡಾಯವನ್ನು ಗುಂಡಿನಿಂದ ಅಡಗಿಸಲಾಯಿತು, ಸತ್ತವರು ಅನೇಕರು. ನೇಣುಗಂಬ ಇಳಿಸಿದ ಮಾತ್ರಕ್ಕೆ ರಾಜ್ಯ ಅಹಿಂಸಕವಾಗುವುದಿಲ್ಲವೆಂಬುದನ್ನು ರದ್ದತಿಯ ಅಭಿಮಾನಿಗಳೂ ನೆನಪಿಡಬೇಕು.

ತಿರುವಾಂಕೂರಿನ ನಿರ್ಧಾರ ಜನರ ಬೇಡಿಕೆಯಿಂದ ಬಂದುದಲ್ಲ. ಅರಸನ ಆಜ್ಞೆಯಿಂದ ಬಂದುದು. ಅದರ ಉತ್ತರಾಧಿಕಾರಿಯಾದ ಕೇರಳದಲ್ಲಿ ಜನರ ಮನಸ್ಸು ಈಗ ಹೇಗಿದೆ? ರೈಲಿನಲ್ಲಿ ಪ್ರಯಾಣಿಸುತ್ತಿದ್ದ ಯುವತಿಯೊಬ್ಬಳ ಸಾವಿಗೆ ಕಾರಣನಾದವನ ಮರಣದಂಡನೆಯನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ತೆಗೆದುಹಾಕಿದಾಗ ಆ ರಾಜ್ಯದಲ್ಲಿ ಆಕ್ರೋಶ ಭುಗಿಲೆದ್ದಿತು. 2025ರ ಜನವರಿಯಲ್ಲಿ, ಪ್ರಿಯಕರನಿಗೆ ವಿಷವುಣಿಸಿ ಕೊಂದ ಯುವತಿಗೆ ಅಲ್ಲಿಯ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದಾಗ, ತೀರ್ಪಿತ್ತ ನ್ಯಾಯಾಧೀಶರ ಚಿತ್ರಕ್ಕೆ ಹಾಲಿನ ಅಭಿಷೇಕ ಮಾಡಲು ಸಂಘವೊಂದು ಮುಂದಾಯಿತು. ಅಭಿಷೇಕವೆಂಬ ಶಬ್ದದ ಬೆಲೆ ಬಲ್ಲ ಜೈನ ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದಾದ ಆರೇ ತಿಂಗಳಿಗೆ, ಯೆಮನ್ ದೇಶದಲ್ಲಿ ಕೊಲೆಯ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾದ ಕೇರಳದ ದಾದಿಯೊಬ್ಬಳ ಜೀವ ಉಳಿಸಲು ಅದೇ ರಾಜ್ಯ ಜಾತಿ ಮತ ಪಕ್ಷಗಳ ಭೇದವಿಲ್ಲದೆ ಮೊರೆಯಿಟ್ಟಿತು. ಮುಸ್ಲಿಂ ಧರ್ಮಗುರುಗಳು ಮಧ್ಯಸ್ಥಿಕೆ ವಹಿಸಿದರು; ಹತನ ಬಂಧುಗಳಿಂದ ಕ್ಷಮೆ ದೊರಕಿಸಲು ಪ್ರಯತ್ನಗಳು ನಡೆದವು; 2025ರ ಜುಲೈ 16ಕ್ಕೆ ಗೊತ್ತಾಗಿದ್ದ ದಂಡನೆ ಮುಂದಕ್ಕೆ ಹೋಯಿತು. ಆ ಮೊರೆ ನಿಜವಾದ ಕರುಣೆಯಿಂದಲೇ ಹುಟ್ಟಿದುದು, ಅದರಲ್ಲಿ ಸಂಶಯವಿಲ್ಲ. ಮಗಳು ದೂರ ದೇಶದಲ್ಲಿ ನೇಣಿನ ಎದುರು ನಿಂತಾಗ ಅವಳ ಬಡತನ, ಅವಳ ತಾಯಿ, ಅವಳ ಮಗು, ಅವಳು ಪಟ್ಟ ಕಷ್ಟ ಎಲ್ಲವೂ ಜನರ ಕಣ್ಣಿಗೆ ಕಂಡವು. ಊರಿನೊಳಗಿನ ಅಪರಾಧಿಗೂ ತಾಯಿಯಿರುವುದು ಮಾತ್ರ ಕಾಣಲಿಲ್ಲ.

ಇದು ಕೇರಳವೊಂದರ ದೋಷವಲ್ಲ. ರಾಜೀವ್ ಗಾಂಧಿಯವರ ಹತ್ಯೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರಿಗೆ ಕ್ಷಮೆ ನೀಡಬೇಕೆಂದು ತಮಿಳುನಾಡು ವಿಧಾನಸಭೆ 2011ರ ಆಗಸ್ಟ್ 30ರಂದು ನಿರ್ಣಯ ಮಾಡಿತು. ಪಂಜಾಬಿನ ಮುಖ್ಯಮಂತ್ರಿ ಬಿಯಾಂತ್ ಸಿಂಗರ ಹತ್ಯೆಯಲ್ಲಿ ಶಿಕ್ಷಿತನಾದವನನ್ನು 2012ರ ಮಾರ್ಚ್ 31ರಂದು ಗಲ್ಲಿಗೇರಿಸಬೇಕಾಗಿತ್ತು. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯು ಅವನ ಪರವಾಗಿ ಕ್ಷಮಾದಾನ ಕೋರಿತು, ಪಂಜಾಬಿನಲ್ಲಿ ಭಾರೀ ಪ್ರತಿಭಟನೆಗಳಾದವು, ಮೂರು ದಿನ ಮೊದಲು ಕೇಂದ್ರ ಗೃಹ ಸಚಿವಾಲಯವು ತಡೆ ನೀಡಿತು. ಅತ್ತ ತ್ರಿಪುರಾ ವಿಧಾನಸಭೆ 2015ರ ಆಗಸ್ಟಿನಲ್ಲಿ ಮರಣದಂಡನೆಯೇ ಬೇಡವೆಂದು ನಿರ್ಣಯಿಸಿತು. ಅದು ಯಾವ ‘ನಮ್ಮವ’ನ ಹೆಸರನ್ನೂ ಹಿಡಿಯದೆ ತತ್ತ್ವವನ್ನು ಮಾತ್ರ ಹಿಡಿದುದರಿಂದ ವಿಶೇಷವಾದುದು. ಇನ್ನೊಂದು ದಿಕ್ಕಿನಲ್ಲಿ ಮಧ್ಯಪ್ರದೇಶ 2017ರಲ್ಲಿ, ಆಂಧ್ರಪ್ರದೇಶ 2019ರಲ್ಲಿ, ಪಶ್ಚಿಮ ಬಂಗಾಳ 2024ರಲ್ಲಿ ಅತ್ಯಾಚಾರದ ಅಪರಾಧಗಳಿಗೆ ಮರಣದಂಡನೆಯನ್ನು ವಿಸ್ತರಿಸುವ ಮಸೂದೆಗಳನ್ನು ಅಂಗೀಕರಿಸಿದವು. ಪ್ರತಿಯೊಂದರ ಹಿಂದೆಯೂ ಆ ನಾಡನ್ನೋ ದೇಶವನ್ನೋ ನಡುಗಿಸಿದ ಕ್ರೌರ್ಯದ ನೆನಪಿತ್ತು. ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬಳ ಮೇಲೆ ನಡೆದ ಘೋರಕೃತ್ಯದ ನಾಲ್ವರು ಆರೋಪಿಗಳನ್ನು 2019ರ ಡಿಸೆಂಬರ್ 6ರಂದು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂಮಳೆ ಸುರಿಸಿದರು. ಆ ಗುಂಡೇಟು ಆತ್ಮರಕ್ಷಣೆಯದಲ್ಲ, ಕೊಲ್ಲುವ ಉದ್ದೇಶದ್ದು ಎಂದು ಸರ್ವೋಚ್ಚ ನ್ಯಾಯಾಲಯ ನೇಮಿಸಿದ ವಿಚಾರಣಾ ಆಯೋಗ 2022ರಲ್ಲಿ ಹೇಳುವಷ್ಟರಲ್ಲಿ ಹೂಗಳು ಬಾಡಿ ಎರಡೂವರೆ ವರ್ಷಗಳಾಗಿದ್ದವು.

ಕನ್ನಡನಾಡಿನ ಉದಾಹರಣೆ ಬೇರೆ ಬಗೆಯದಲ್ಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬಿಗೆ 22 ಜನ ಬಲಿಯಾದರು. ಮೈಸೂರಿನ ಟಾಡಾ ನ್ಯಾಯಾಲಯವು 2001ರಲ್ಲಿ ನಾಲ್ವರಿಗೆ ಜೀವಾವಧಿ ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಅದನ್ನು ಮರಣದಂಡನೆಗೆ ಏರಿಸಿತು. 2013ರ ಫೆಬ್ರುವರಿಯಲ್ಲಿ ಕ್ಷಮಾದಾನ ಅರ್ಜಿ ತಿರಸ್ಕೃತವಾದಾಗ ಆ ನಾಲ್ವರು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿದ್ದರು. ತಮಿಳುನಾಡಿನ ಹಲವು ಪಕ್ಷ, ಸಂಘಟನೆಗಳು ಅವರ ಪರವಾಗಿ ದನಿಯೆತ್ತಿದವು. ಘಟ್ಟದ ಈಚೆಯ ಜನರಿಗೆ ಮುಖ್ಯವಾಗಿ ನೆನಪಾದುದು ಕಾಡುಗಳ್ಳನ ಕೈಯಲ್ಲಿ ಸತ್ತವರು. ಅರ್ಜಿಯ ಇತ್ಯರ್ಥದಲ್ಲಾದ ಅತಿಯಾದ ವಿಳಂಬವನ್ನು ಕಾರಣವಾಗಿ ಹಿಡಿದು ಸರ್ವೋಚ್ಚ ನ್ಯಾಯಾಲಯವು 2014ರ ಜನವರಿ 21ರಂದು ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕಾವೇರಿಯ ಒಂದು ದಡದಲ್ಲಿ ಕರುಣೆ, ಇನ್ನೊಂದರಲ್ಲಿ ಕೋಪ. ದಡ ಬದಲಾದರೆ ಅವೂ ಬದಲಾಗುತ್ತಿದ್ದವು.

ಪ್ರದೇಶಭೇದವೆಂದರೆ ಅಭಿಪ್ರಾಯದ ಭೇದ ಮಾತ್ರವಲ್ಲ, ಶಿಕ್ಷೆಯ ಭೇದವೂ ಹೌದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಮರಣದಂಡನೆಗೆ ಗುರಿಯಾಗಿದ್ದ 385 ಬಂದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅವರಲ್ಲಿ ಉತ್ತರಪ್ರದೇಶದವರು 79, ಕರ್ನಾಟಕದವರು 45. ಅಂಕಿಯನ್ನು ಹಾಗೇ ಓದಿದರೆ ಉತ್ತರಪ್ರದೇಶ ಮುಂದಿದೆ. 2011ರ ಜನಗಣತಿಯೊಂದಿಗೆ ಹೊಂದಿಸಿದರೆ ಉತ್ತರಪ್ರದೇಶದ ಸುಮಾರು 20 ಕೋಟಿ ಜನಕ್ಕೆ 79 ಎಂದರೆ ಕೋಟಿಗೆ ನಾಲ್ಕು. ಕರ್ನಾಟಕದ 6 ಕೋಟಿ 11 ಲಕ್ಷಕ್ಕೆ 45 ಎಂದರೆ ಕೋಟಿಗೆ ಏಳಕ್ಕೂ ಮೇಲು. ಸೌಮ್ಯರೆಂದು ತಮ್ಮನ್ನು ತಾವು ಕರೆದುಕೊಳ್ಳುವ ಕನ್ನಡಿಗರಿಗೆ ಈ ಭಾಗಲಬ್ಧ ಹಿತವಾಗಲಾರದು. ಆ ಬಂದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಆರ್ಥಿಕವಾಗಿ ದುರ್ಬಲರೆಂದು ಅದೇ ಅಧ್ಯಯನ ಹೇಳಿತು.

ಶ್ರಾವಕನ ಮೂರನೆಯ ಅಣುವ್ರತವಾದ ಅಚೌರ್ಯಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಮತ್ತೊಂದು ಇಟ್ಟುಕೊಳ್ಳುವುದೇ ಅದು. ಅಂಗಡಿಯ ಕಟ್ಟೆಯ ಮೇಲೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಪ್ರಸಂಗಗಳಲ್ಲಿ ಜನಾಭಿಪ್ರಾಯವೆಂಬುದು ಬಹುಮಟ್ಟಿಗೆ ಇಂಥ ಎರಡು ಕಲ್ಲುಗಳ ವ್ಯಾಪಾರ. ಮರಣದಂಡನೆ ಸರಿಯೋ ತಪ್ಪೋ ಎಂಬುದನ್ನು ಅದು ತೂಗುವುದು ಅಪರೂಪ. ಸತ್ತವನು ನಮ್ಮವನೋ, ಸಾಯಲಿರುವವನು ನಮ್ಮವನೋ ಎಂಬುದನ್ನು ತೂಗುತ್ತದೆ. ಇಂಥ ಕಲ್ಲುಗಳಿಂದ ತೂಗಿದುದನ್ನು ಕೂಡಿ, ಇದು ರಾಷ್ಟ್ರದ ಅಭಿಪ್ರಾಯವೆಂದು ಬರೆದುಕೊಂಡರೆ ಆ ಲೆಕ್ಕದ ಪುಸ್ತಕ ಯಾವ ತಪಾಸಣೆಯಲ್ಲೂ ನಿಲ್ಲದು.

ನ್ಯಾಯಾಲಯಗಳೂ ಈ ತೊಡಕಿನಿಂದ ಹೊರಗುಳಿಯಲಿಲ್ಲ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಮರಣದಂಡನೆಯನ್ನು ಎತ್ತಿಹಿಡಿದ ಬಹುಮತದ ನ್ಯಾಯಮೂರ್ತಿಗಳು ‘ಅಪರೂಪದಲ್ಲಿ ಅಪರೂಪ’ವೆಂಬ ಎಲ್ಲೆ ಹಾಕಿದರು, ನ್ಯಾಯಾಧೀಶರು ಜನಾಭಿಪ್ರಾಯದ ವಕ್ತಾರರಾಗಲು ಹೊರಡಬಾರದೆಂಬ ಎಚ್ಚರವನ್ನೂ ಹೇಳಿದರು. ಮೂರು ವರ್ಷಗಳ ನಂತರ, ಪಂಜಾಬಿನಲ್ಲಿ 17 ಜನರ ಕೊಲೆಯ ಮಚ್ಛೀ ಸಿಂಗ್ ಪ್ರಕರಣದಲ್ಲಿ, ಸಮುದಾಯದ ಸಾಮೂಹಿಕ ಅಂತಃಸಾಕ್ಷಿ ಕಲಕಿಹೋದಾಗ ಮರಣದಂಡನೆ ಉಚಿತವೆಂಬ ಮಾತು ಬಂದಿತು. ಮುಂಬಾಗಿಲಿನಿಂದ ಕಳುಹಿಸಿದ ಅತಿಥಿಯನ್ನು ಹಿತ್ತಿಲ ಬಾಗಿಲಿನಿಂದ ಕರೆದು ಎಲೆ ಹಾಕಿ ಕೂರಿಸಿದಂತಾಯಿತು. ಯಾವ ಸಮುದಾಯ? ಕೊಲೆ ನಡೆದ ಹಳ್ಳಿಯದೋ, ರಾಜ್ಯದ್ದೋ, ದೇಶದ್ದೋ? ಅದು ಕಲಕಿತೆಂಬುದನ್ನು ಅಳೆದವರಾರು? 2009ರ ಸಂತೋಷ್ ಬರಿಯಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಈ ಸಂದೇಹವನ್ನು ಎತ್ತಿತು. ಆ ಸಂದೇಹವೇ ಮುಂದೆ 262ನೆಯ ವರದಿಗೆ ಒಂದು ನಿಮಿತ್ತವಾಯಿತು.

ಆ ಎರಡನೆಯ ವರದಿ ಹಲವು ವಿಧದಲ್ಲಿ ಮೊದಲನೆಯದಕ್ಕಿಂತ ಪಕ್ವವಾದುದು. ಹೆದರಿಕೆಯಿಂದ ಅಪರಾಧ ತಗ್ಗುತ್ತದೆಂಬ ನಂಬಿಕೆಯನ್ನು ಅದು ಅಂಕಿಗಳ ಮುಂದೆ ನಿಲ್ಲಿಸಿ ಪರೀಕ್ಷಿಸುತ್ತದೆ. ಒಂದೇ ಬಗೆಯ ಅಪರಾಧಕ್ಕೆ ಒಂದು ಪೀಠ ನೇಣನ್ನೂ ಇನ್ನೊಂದು ಪೀಠ ಜೀವಾವಧಿಯನ್ನೂ ಕೊಟ್ಟ ಪ್ರಸಂಗಗಳನ್ನು ತಾಳ್ಮೆಯಿಂದ ಜೋಡಿಸುತ್ತದೆ. ಜನಾಭಿಪ್ರಾಯದ ವಿಷಯದಲ್ಲಿಯೂ ಅದು ಧೀರವಾಗಿದೆ. ಮರಣದಂಡನೆಯನ್ನು ಕೈಬಿಟ್ಟ ದೇಶಗಳಲ್ಲಿ ಅನೇಕವು ಬಹುಮತ ಒಲಿಯುವವರೆಗೆ ಕಾದು ಕೂರಲಿಲ್ಲವೆಂಬುದನ್ನು ಅದು ಬಲ್ಲದು. ಆದರೂ ಕೊನೆಯ ಹೆಜ್ಜೆಯಲ್ಲಿ ಅದು ನಿಲ್ಲುತ್ತದೆ. ಹೆದರಿಕೆಯ ಫಲದಲ್ಲಿ ಭಯೋತ್ಪಾದನೆ ಮತ್ತಿತರ ಅಪರಾಧಗಳ ನಡುವೆ ಭೇದ ಮಾಡಲು ಸಮರ್ಥವಾದ ಕಾರಣವಿಲ್ಲವೆಂದು ತಾನೇ ಒಪ್ಪಿ, ರಾಷ್ಟ್ರದ ಭದ್ರತೆಯ ಬಗೆಗಿನ ಕಳವಳವನ್ನು ಮನ್ನಿಸಿ, ಆ ಒಂದನ್ನು ಹೊರಗಿಡುತ್ತದೆ. ಆ ಆಯೋಗದ ಮೂವರು ಸದಸ್ಯರು ಅಷ್ಟಕ್ಕೂ ಒಪ್ಪಲಿಲ್ಲ. ಯಾವುದರ ಬಗ್ಗೆ ಜನರ ಕೂಗು ಅತ್ಯಂತ ದೊಡ್ಡದೋ ಅಲ್ಲಿಯೇ ವರದಿಯ ತರ್ಕ ಮೌನವಾಯಿತೆಂಬುದು ಆಕಸ್ಮಿಕವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೂ ವರದಿಯ ಅಷ್ಟು ಶಿಫಾರಸನ್ನೂ ಬದಿಗಿಟ್ಟು ಮರಣದಂಡನೆಯನ್ನು ಉಳಿಸಿಕೊಂಡಿದೆ.

ಇನ್ನು ಶಾಸ್ತ್ರದ ಕಡೆಗೆ. ಜೈನಪರಂಪರೆಯು ದಂಡವನ್ನೇ ನಿರಾಕರಿಸಿತೆಂದು ಹೇಳುವುದು ಭಕ್ತಿಯ ಮಾತಾದೀತೇ ಹೊರತು ಸತ್ಯವಾಗದು. ಮಾನ್ಯಖೇಟದ ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಂಡದ ಚರಿತ್ರೆಯನ್ನೇ ಹೇಳಿದ್ದಾರೆ. ಮೊದಲ ಕುಲಕರರ ಕಾಲದಲ್ಲಿ ತಪ್ಪಿತಸ್ಥನಿಗೆ ‘ಹಾ’ ಎಂಬ ವಿಷಾದವೇ ಶಿಕ್ಷೆ. ಮುಂದಿನವರ ಕಾಲದಲ್ಲಿ ಅದಕ್ಕೆ ‘ಮಾ’, ಬೇಡವೆಂಬ ನಿಷೇಧ, ಸೇರಿತು. ಆಮೇಲೆ ‘ಧಿಕ್’ ಎಂಬ ತಿರಸ್ಕಾರ. ವಧ, ಬಂಧನ ಮುಂತಾದ ಶರೀರದಂಡವು ಬಂದುದು ಭರತ ಚಕ್ರವರ್ತಿಯ ಕಾಲದಲ್ಲಿ. ಈ ಕ್ರಮವನ್ನು ಪ್ರಗತಿಯೆಂದು ಪುರಾಣ ಹೇಳುವುದಿಲ್ಲ. ಕಾಲ ಇಳಿಮುಖವಾದಂತೆ ದಂಡ ಏರುಮುಖವಾಯಿತು ಎನ್ನುತ್ತದೆ. ಸೋಮದೇವಸೂರಿ ನೀತಿವಾಕ್ಯಾಮೃತದಲ್ಲಿ, ದಂಡವಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವೇ ಗತಿ ಎಂದು ಒಪ್ಪುತ್ತಾನೆ; ಆದರೆ ದಂಡವನ್ನು ಅವನು ಹೋಲಿಸುವುದು ವೈದ್ಯಶಾಸ್ತ್ರಕ್ಕೆ. ದೋಷವನ್ನು ಶುದ್ಧಿಗೊಳಿಸುವುದು ಅದರ ಉದ್ದೇಶ. ರೋಗಿಯನ್ನೇ ಇಲ್ಲವಾಗಿಸುವ ಚಿಕಿತ್ಸೆಗೆ ಈ ಉಪಮೆಯಲ್ಲಿ ಎಡೆ ಹುಡುಕುವುದು ಕಷ್ಟ. ರಾಜನೀತಿಯ ಈ ಗ್ರಂಥವನ್ನು ಬರೆದವನೇ 959ರಲ್ಲಿ ಯಶಸ್ತಿಲಕವನ್ನು, ಅಂದರೆ ಹಿಂಸೆಯ ಸಂಕಲ್ಪಮಾತ್ರದಿಂದ ಜನ್ಮಜನ್ಮಾಂತರ ನವೆದ ಯಶೋಧರನ ಕಥೆಯನ್ನು ಬರೆದವನು.

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯವೆಂದು ಒಪ್ಪಲಾಗಿದೆ, ಕೊಲೆಗಡುಕನಿಗೆ ಮರಣದಂಡನೆ ಅದರಲ್ಲಿಯೇ ಅಡಕವಾಗುವುದೆಂದು ಕೆಲವು ಪಂಡಿತರು ವಾದಿಸುವುದುಂಟು. ವಿರೋಧಿಯೆಂದರೆ ಎದುರಿಗೆ ಕತ್ತಿ ಹಿಡಿದು ಬಂದವನು. ಕೈಗೆ ಬೇಡಿ ಬಿದ್ದು, ಹತ್ತು ವರ್ಷ ಸೆರೆಯಲ್ಲಿದ್ದು, ತೂಕ ನೋಡಿ, ಎತ್ತರ ಅಳೆದು, ಹಗ್ಗದ ಉದ್ದ ಲೆಕ್ಕಹಾಕಿ, ಮುಂಜಾನೆ ಎಬ್ಬಿಸಿ ಕರೆದೊಯ್ಯುವವನು ವಿರೋಧಿಯಲ್ಲ. ಅಲ್ಲಿ ನಡೆಯುವುದು ಸಂಕಲ್ಪಪೂರ್ವಕವಾದುದು. ಸಂಕಲ್ಪೀ ಹಿಂಸೆಯ ತ್ಯಾಗದಿಂದಲೇ ಶ್ರಾವಕನ ಮೊದಲ ವ್ರತ ಆರಂಭವಾಗುತ್ತದೆ. ಸಮಂತಭದ್ರರು ರತ್ನಕರಂಡಕದಲ್ಲಿ ಆ ವ್ರತವನ್ನು ಹೇಳುವಾಗಲೇ ಕೃತ, ಕಾರಿತಗಳೊಡನೆ ಅನುಮೋದನೆಯನ್ನೂ ಸೇರಿಸಿದ್ದಾರೆ. ಸಂರಂಭಾದಿ ಮೂರು, ಯೋಗ ಮೂರು, ಕೃತಾದಿ ಮೂರು, ಕಷಾಯ ನಾಲ್ಕು ಗುಣಿಸಿ ಆಸ್ರವದ 108 ಬಗೆಗಳು. ಜಪಮಾಲೆಯ ಮಣಿಗಳ ಸಂಖ್ಯೆಗೆ ಇದೇ ಕಾರಣವೆಂದು ಹೇಳುವುದುಂಟು. ಹಾಗಿದ್ದಲ್ಲಿ ಮೂವತ್ತಾರು ಮಣಿಗಳು ಅನುಮತಕ್ಕೇ ಸೇರಿದವು. ನ್ಯಾಯಾಧೀಶನು ಕರ್ತವ್ಯಬದ್ಧ, ನೇಣು ಹಾಕುವವನು ಸಂಬಳಕ್ಕೆ ಬದ್ಧ. ‘ಗಲ್ಲಿಗೇರಿಸಿ’ ಎಂದು ಕೂಗುವವನನ್ನು ಯಾವ ಕರ್ತವ್ಯವೂ ಕಟ್ಟಿಹಾಕಿಲ್ಲ. ಅವನದು ಶುದ್ಧ ಅನುಮೋದನೆ.

ಇಷ್ಟನ್ನು ಬರೆಯುವುದು ಸುಲಭವಾಗಿತ್ತು, 2023ರ ಜುಲೈ ಬಾರದಿದ್ದರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ಶರೀರವನ್ನು ಛಿದ್ರಗೊಳಿಸಿ ಪಾಳುಬಿದ್ದ ಕೊಳವೆಬಾವಿಗೆ ಹಾಕಲಾಗಿತ್ತು. ಪಿಂಛಿ, ಕಮಂಡಲುಗಳ ಹೊರತು ಬೇರೇನನ್ನೂ ಹಿಡಿಯದ ದಿಗಂಬರ ಮುನಿಯ ಮೇಲೆ ಇಂಥ ಕೈ ಎದ್ದಿತೆಂಬ ಸುದ್ದಿ ಬಂದ ದಿನ ಬಸದಿಗಳಲ್ಲಿ ಮೂಡಿದ ನೋವನ್ನು ಬಣ್ಣಿಸಬೇಕಾಗಿಲ್ಲ. ರಾಜ್ಯದಾದ್ಯಂತ ಮೌನ ಮೆರವಣಿಗೆಗಳು ನಡೆದವು. ವರೂರಿನಲ್ಲಿ ಗುಣಧರನಂದಿ ಮಹಾರಾಜರು ಮುನಿಗಳ ರಕ್ಷಣೆಗಾಗಿ ಆಹಾರತ್ಯಾಗ ಮಾಡಿ ಕುಳಿತರು. ಗೃಹಸಚಿವರು ಬಂದು ಭರವಸೆ ಇತ್ತ ಮೇಲೆ ಅದು ಮುಗಿಯಿತು. ವಿಹಾರಕಾಲದಲ್ಲಿ ಮುನಿಸಂಘಗಳಿಗೆ ಸುರಕ್ಷಿತ ವಸತಿ, ರಕ್ಷಣೆ ಎಂಬ ಬೇಡಿಕೆಗಳು ನ್ಯಾಯವಾದವು, ಅಹಿಂಸೆಗೆ ಒಪ್ಪುವಂಥವು. ಅವುಗಳ ಜತೆಯಲ್ಲಿಯೇ ಹಂತಕರಿಗೆ ಅತ್ಯುಗ್ರವಾದ ಶಿಕ್ಷೆಯಾಗಬೇಕೆಂಬ ಕೂಗೂ ಎದ್ದಿತು. ಕೇರಳ, ತಮಿಳುನಾಡು, ಪಂಜಾಬುಗಳ ಜನರ ಕೈಯಲ್ಲಿದ್ದ ಎರಡು ಕಲ್ಲುಗಳು ಆ ದಿನ ಜೈನರ ಕೈಯಲ್ಲಿಯೂ ಕಂಡವು. ನೇಣುಗಂಬವಿರುವ ಹಿಂಡಲಗಾ ಇರುವುದೂ ಅದೇ ಬೆಳಗಾವಿ ಜಿಲ್ಲೆಯಲ್ಲಿ.

ಆ ಕೂಗನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ದುಃಖದ ಮೊದಲ ದಿನಗಳಲ್ಲಿ ಆಡಿದ ಮಾತಿಗೆ ರಿಯಾಯಿತಿ ಉಂಟು. ದಿನಗಳು ಕಳೆದ ಮೇಲೂ ಸಭೆಗಳಲ್ಲಿ, ಮನವಿಪತ್ರಗಳಲ್ಲಿ, ಮನೆಯ ಜಗಲಿಯ ಮಾತಿನಲ್ಲಿ ಅದು ಉಳಿದರೆ ಆಗ ಅದು ದುಃಖವಲ್ಲ, ಅಭಿಪ್ರಾಯ. ಸಂಘದ ಪದಾಧಿಕಾರಿಗಳು ಸಹಿ ಹಾಕುವ ಮೊದಲು ಆಲೋಚಿಸಬೇಕಾದ ಅಭಿಪ್ರಾಯ. ಹತರಾದ ಆಚಾರ್ಯರು ಸ್ವತಃ ಪ್ರತಿದಿನ ಪ್ರತಿಕ್ರಮಣದಲ್ಲಿ ಸಕಲ ಜೀವಿಗಳಲ್ಲಿಯೂ ಕ್ಷಮೆ ಬೇಡಿ, ಸಕಲ ಜೀವಿಗಳನ್ನೂ ಕ್ಷಮಿಸುತ್ತಿದ್ದ ಪರಂಪರೆಯವರು. ಆ ಸಕಲದಿಂದ ಇಬ್ಬರನ್ನು ಕಳೆದು ಅವರ ಹೆಸರಿನಲ್ಲಿ ಮನವಿ ಬರೆಯುವ ಅಧಿಕಾರ ಶ್ರಾವಕರಿಗೆ ಬಂದುದೆಲ್ಲಿಂದ?

ಜನ್ನನು 1209ರಲ್ಲಿ ಮುಗಿಸಿದ ಯಶೋಧರಚರಿತೆಯಲ್ಲಿ ಚಂಡಕರ್ಮನೆಂಬ ತಳಾರನೊಬ್ಬನಿದ್ದಾನೆ. ಊರ ಕಾವಲೂ ಕಳ್ಳರ ವಧೆಯೂ ಅವನ ವೃತ್ತಿ. ಕಾವ್ಯದ ಹಿಟ್ಟಿನ ಕೋಳಿಯ ಬಗ್ಗೆ ನಡೆದಷ್ಟು ವಿಮರ್ಶೆ ಇವನ ಬಗ್ಗೆ ನಡೆದಿಲ್ಲ. ಅಕಂಪನ ಮುನಿಯ ಎದುರು ಇವನು ಆತ್ಮವೆಂಬುದಿಲ್ಲವೆಂದು ವಾದಿಸುತ್ತಾನೆ. ಸಾವಿಗೆ ಗುರಿಯಾದ ಕಳ್ಳನನ್ನು ಸಾಯುವ ಮೊದಲೂ ಸತ್ತ ಮೇಲೂ ತೂಗಿ ನೋಡಿದೆ, ಕಡಿದು ನೋಡಿದೆ, ಜೀವ ಸಿಗಲಿಲ್ಲವೆನ್ನುತ್ತಾನೆ. ದಂಡನಾಧಿಕಾರಿಯು ಮನುಷ್ಯನನ್ನು ತಕ್ಕಡಿಯಲ್ಲಿಟ್ಟ ಚಿತ್ರ ಅದು. ಮುನಿ ಉಪಮೆಗಳಿಂದ ಉತ್ತರಿಸುತ್ತಾನೆ. ತಳಾರನ ಮನಸ್ಸು ಕರಗುತ್ತದೆ. ವ್ರತಗಳನ್ನು ಕೊಡೆಂದು ಕೇಳಿಕೊಳ್ಳುತ್ತಾನೆ. ಆದರೆ ಕೊಲ್ಲದಿರುವ ವ್ರತವೊಂದನ್ನು ಬಿಟ್ಟು. ಅದು ತನ್ನ ವೃತ್ತಿಗೆ ಕೂಡದು. 262ನೆಯ ವರದಿ ನಿಂತ ಜಾಗವೂ ಅದೇ, 2023ರಲ್ಲಿ ಮನವಿಪತ್ರ ಹಿಡಿದವರು ನಿಂತ ಜಾಗವೂ ಅದೇ: ಇದೊಂದನ್ನು ಬಿಟ್ಟು ಉಳಿದೆಲ್ಲ.

ಮುನಿ ಕೋಪಿಸಿಕೊಳ್ಳುವುದಿಲ್ಲ, ರಾಜನೀತಿಯನ್ನು ಚರ್ಚಿಸುವುದೂ ಇಲ್ಲ. ತಳಾರನೇ ಪಂಜರದಲ್ಲಿಟ್ಟು ತಂದಿದ್ದ ಎರಡು ಕೋಳಿಗಳನ್ನು ತೋರಿಸಿ, ಇವರು ಒಂದು ಕಾಲಕ್ಕೆ ಉಜ್ಜಯಿನಿಯ ಅರಸನೂ ಅವನ ತಾಯಿಯೂ ಆಗಿದ್ದರು ಎಂದು ಹೇಳಲಾರಂಭಿಸುತ್ತಾನೆ.